ಬಾಡಿಗೆಯ ಗಂಧರ್ವರು

ಪೂರ್ವಕಾಲದಲ್ಲಿ ಗಂಧರ್ವರ ಗಾನವನ್ನು ಕೇಳಬೇಕಾದರೆ ಪುಣ್ಯವನ್ನು ಸಂಪಾದಿಸಿ ಸ್ವರ್ಗಕ್ಕೆ ಹೋಗಬೇಕಾಗಿತ್ತು, ಪುಣ್ಯವು ಕ್ಷೀಣಿಸಿದೊಡನೆ ಮರ್ತ್ಯಲೋಕಕ್ಕೆ ಮರಳಬೇಕಾಗಿತ್ತು. ಈಗ ಪುಣ್ಯದ ಸ್ಥಾನಕ್ಕೆ ಮಾಸಿಕ ಚಂದಾ ಬಂದಿದೆಯೆಂಬುದೊಂದನ್ನು ಬಿಟ್ಟರೆ ವ್ಯವಸ್ಥೆಯಲ್ಲಿ ಯಾವ ಮಾರ್ಪಾಡೂ ಆದಂತಿಲ್ಲ. ಹಣ ಸಂದಾಯವಾಗುತ್ತಿರುವವರೆಗೆ ಕೋಟ್ಯಂತರ ಗೀತೆಗಳು ನಮ್ಮ ಅಂಗೈಯಲ್ಲಿ. ಅವಧಿ ಮುಗಿದೊಡನೆ, ‘ಡೌನ್‌ಲೋಡ್ ಆಗಿದೆ’ ಎಂಬ ಗುರುತನ್ನು ಹಚ್ಚಿಕೊಂಡು ನಮ್ಮದೇ ಫೋನಿನ ಹೊಟ್ಟೆಯಲ್ಲಿ ಕುಳಿತಿದ್ದ ಹಾಡುಗಳು ಕೂಡ, ನಮ್ಮನ್ನು ಎಂದೂ ಕಂಡವೇ ಅಲ್ಲವೆಂಬಂತೆ ಮೌನವ್ರತವನ್ನು ಕೈಕೊಳ್ಳುತ್ತವೆ.

ನನಗಾದರೋ ಹಣದ ನಷ್ಟಕ್ಕಿಂತ ಎರವಲಿನ ನಷ್ಟವೇ ದೊಡ್ಡದಾಗಿ ತೋರುತ್ತದೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂದು, ಮೈಸೂರು ಅನಂತಸ್ವಾಮಿಯವರ ಸ್ವರಸಂಯೋಜನೆ ಮನೆಮನೆಯನ್ನು ಹೊಕ್ಕ ದಿನಗಳಲ್ಲಿ, ಕ್ಯಾಸೆಟ್ಟುಳ್ಳವನು ಬೀದಿಗೊಬ್ಬ ಗಣ್ಯನಾಗಿದ್ದನು. ಅದನ್ನು ಕೇಳಿಕೊಂಡು ಬಂದವರಿಗೆ ಕಾಫಿಯ ಜೊತೆಗೆ ರಸಜ್ಞತೆಯ ಉಪದೇಶವನ್ನೂ ಕೊಡುವ ಅಧಿಕಾರ ಅವನಿಗಿತ್ತು. ಒಯ್ದವರು ಹಿಂದಿರುಗಿಸದೆ ಹೋದರೆ ವರ್ಷಗಟ್ಟಲೆ ಬಾಳಿಕೆ ಬರುವಂಥ ಒಂದು ಒಳ್ಳೆಯ ಮನಸ್ತಾಪವೂ ಲಭಿಸುತ್ತಿತ್ತು. ಚಂದಾದ ಹಾಡನ್ನು ಎರವಲು ಕೊಡುವಂತಿಲ್ಲ, ಉಯಿಲಿನಲ್ಲಿ ಬರೆದಿಡುವಂತಿಲ್ಲ. ತಾತನವರು ಬಿಟ್ಟುಹೋದ ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡುಗಳ ಸಲುವಾಗಿ ನಮ್ಮ ಚಿಕ್ಕಪ್ಪಂದಿರಿಬ್ಬರು ಪಾಲಿನ ದಿನ ಮಾತು ಬಿಟ್ಟದ್ದನ್ನು ನೆನೆದಾಗಲೆಲ್ಲ, ನನ್ನ ಪಾಸ್‌ವರ್ಡಿಗಾಗಿ ಹೀಗೆ ಕಾದಾಡುವ ವಾರಸುದಾರರು ಹುಟ್ಟಲಾರರೆಂದು ಖೇದವಾಗುತ್ತದೆ.

ಇನ್ನು ಹಾಡುವವರ ಪಾಲಿಗೆ ಬರುವ ಲೆಕ್ಕವನ್ನು ನೋಡಿರಿ. ಸ್ವೀಡನ್ನಿನಲ್ಲಿ ಹುಟ್ಟಿ 2019ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಪಾಟಿಫೈ ಸಂಸ್ಥೆಯ ಎಣಿಕೆಯಲ್ಲಿ, ಹಾಡೊಂದನ್ನು 30 ಸೆಕೆಂಡು ಕೇಳಿದರೆ ಒಂದು ಶ್ರವಣವು ಸಂದಿತು. 2024ರಿಂದೀಚೆಗೆ, ಹಿಂದಿನ 12 ತಿಂಗಳುಗಳಲ್ಲಿ ಸಾವಿರ ಶ್ರವಣವನ್ನಾದರೂ ಕಾಣದ ಹಾಡಿಗೆ ರಾಯಧನದ ಬಿಡಿಗಾಸೂ ಇಲ್ಲ. ಮೂವತ್ತು ಸೆಕೆಂಡುಗಳಲ್ಲಿ ಚಿತ್ರಗೀತೆಯ ನಾಯಕನು ನಾಯಿಕೆಯನ್ನು ಕಂಡು, ಒಲಿಸಿ, ಸ್ವಿಟ್ಜರ್ಲೆಂಡಿನ ಹಿಮದವರೆಗೂ ಕರೆದೊಯ್ದಿರುತ್ತಾನೆ. ಖಯಾಲಿನ ಗಾಯಕರೋ, ಅಷ್ಟರಲ್ಲಿ ತಂಬೂರಿಯ ಶ್ರುತಿಯನ್ನು ಇನ್ನೊಮ್ಮೆ ಪರೀಕ್ಷಿಸಿ, ಗಂಟಲು ಸರಿಪಡಿಸಿಕೊಂಡು, ಷಡ್ಜವನ್ನು ಹಿಡಿಯುವ ಮುಹೂರ್ತ ಬಂದಿತೋ ಇಲ್ಲವೋ ಎಂದು ಆಲೋಚಿಸುತ್ತಿರುತ್ತಾರೆ. ಅನಂತರ ಅವರು ಮುಕ್ಕಾಲು ಗಂಟೆ ಮೈಮರೆತು ಹಾಡಿದರೂ ಲೆಕ್ಕದ ಪುಸ್ತಕಕ್ಕೆ ಸೇರುವುದು ಅದೇ ಒಂದು.

ಕಾಸು ಕೊಡದೆ ಕೇಳುವೆನೆಂಬವನ ಅವಸ್ಥೆ ಬೇರೊಂದು ಬಗೆಯದು. ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರಂಥವರು ರೂಢಿಗೆ ತಂದ ಕಚೇರಿಯ ಕ್ರಮವನ್ನು ‘ಷಫಲ್’ ಎಂಬ ಗುಂಡಿಯು ಕಲಸಿಹಾಕಿ, ಮಂಗಳವನ್ನು ಮೊದಲು ಹಾಡಿಸಿ, ನಡುವೆ ಬನಿಯನ್ನಿನ ಜಾಹೀರಾತೊಂದನ್ನು ಸೇರಿಸಿ, ಕೊನೆಗೆ ವರ್ಣವನ್ನು ಉಣಬಡಿಸುತ್ತದೆ. ಅಬ್ದುಲ್ ಕರೀಂ ಖಾನರ ಠುಮರಿಯ ರೆಕಾರ್ಡನ್ನು ಬಾಲ್ಯದಲ್ಲಿ ಕೇಳಿ ಭೀಮಸೇನ ಜೋಶಿಯವರು ಗುರುವನ್ನರಸುತ್ತ ಮನೆ ಬಿಟ್ಟು ಹೊರಟ ಕಥೆ ಪ್ರಸಿದ್ಧವಾದುದು. ಆ ಠುಮರಿಯ ಬೆನ್ನಿಗೇ ಬನಿಯನ್ನು ಬಂದಿದ್ದರೆ ಹುಡುಗನು ಸುಮ್ಮನೆ ಊಟಕ್ಕೆ ಮನೆಗೆ ಹೋಗುತ್ತಿದ್ದನೆಂದೇ ನನ್ನ ಊಹೆ.

ಈ ಹಿಂಸೆಯನ್ನು ತಾಳಲಾರದೆಯೇ ನಾನು ಚಂದಾದಾರನಾದದ್ದು. ಒಂದೇ ಹಣದಲ್ಲಿ ಮನೆಮಂದಿಯೆಲ್ಲ ಕೇಳಬಹುದಾದ ‘ಫ್ಯಾಮಿಲಿ ಪ್ಲ್ಯಾನ್’ ಅಗ್ಗವೆಂದು ಮಗನು ಹೇಳಿದನು; ಆದರೆ ಸದಸ್ಯರೆಲ್ಲರೂ ಒಂದೇ ವಿಳಾಸದಲ್ಲಿ ವಾಸಿಸತಕ್ಕದ್ದೆಂಬುದು ಕಂಪನಿಯವರ ನಿಬಂಧನೆ. ಊಟ ವಸತಿಗಳು ಬೇರೆಯಾದ ಮಾತ್ರಕ್ಕೆ ಅವಿಭಕ್ತ ಕುಟುಂಬ ಒಡೆದಂತಾಗದೆಂದು ಮಿತಾಕ್ಷರವನ್ನು ಅನುಸರಿಸುವ ನ್ಯಾಯಾಲಯಗಳು ಎಷ್ಟೋ ಬಾರಿ ಹೇಳಿವೆ. ಆದರೆ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ನಮ್ಮ ಕಲ್ಯಾಣದಲ್ಲಿ ಕುಳಿತು ಆ ಗ್ರಂಥವನ್ನು ರಚಿಸಿದ ವಿಜ್ಞಾನೇಶ್ವರನಿಗೆ ಈ ಕಂಪನಿಯಲ್ಲಿ ಕವಡೆಯ ಕಿಮ್ಮತ್ತಿಲ್ಲ. ಕೊನೆಗೆ ಮಗನೇ ಉಪಾಯ ಹೂಡಿ, ಹುಬ್ಬಳ್ಳಿಯಲ್ಲಿರುವ ತನ್ನನ್ನೂ, ಧಾರವಾಡದಲ್ಲಿ ಗಂಡನ ಮನೆಯಲ್ಲಿರುವ ತಂಗಿಯನ್ನೂ ಮೈಸೂರಿನ ನಮ್ಮ ಮನೆಯ ನಿವಾಸಿಗಳೆಂದೇ ನಮೂದಿಸಿಬಿಟ್ಟನು. ಹೀಗಾಗಿ ದಾಖಲೆಯ ಪ್ರಕಾರ ಮಗಳು ಈಗ ತವರಿಗೆ ಮರಳಿದ್ದಾಳೆ. ಅಳಿಯಂದಿರಿಗೆ ಈ ಸಂಗತಿಯನ್ನು ಇನ್ನೂ ತಿಳಿಸಿಲ್ಲ. ಅವರಿಗೂ ಸಂಗೀತದ ಹುಚ್ಚು ಸಾಕಷ್ಟಿರುವುದರಿಂದ, ನಾಳೆ ತಮ್ಮನ್ನೂ ಸೇರಿಸಿಕೊಳ್ಳಿರೆಂದು ಕೇಳಿದರೆ ಮನೆಅಳಿಯನೆಂದೇ ಬರೆಯಬೇಕಾದೀತಲ್ಲ ಎಂಬುದು ನನ್ನ ಹೆಂಡತಿಯ ಚಿಂತೆ.