ಪ್ಲಾನುರಾಯರ ಮ್ಯಾರಥಾನ್

ಮ್ಯಾರಥಾನಿಗೆ ಇನ್ನೂ ಮೂರು ದಿನ ಇರುವಾಗಲೇ ಪ್ಲಾನುರಾಯರ ಮನೆಯಲ್ಲಿ ಬಿಸಿಬೇಳೆಬಾತು ಹಿಂದೆ ಸರಿದು ಪಾಸ್ತಾ ಮುಂದೆ ಬರುತ್ತದೆ. ಅನ್ನದಲ್ಲಿರುವುದೂ ಅದೇ ಕಾರ್ಬೋಹೈಡ್ರೇಟಲ್ಲವೇ ಎಂದು ಮನೆಯವರು ಕೇಳಿದರೆ, ಪ್ಲಾನಿನಲ್ಲಿ ಅನ್ನ ಇಲ್ಲ ಎಂಬ ಉತ್ತರ ಸಿದ್ಧವಿದೆ. ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿಗೆ ಹೋದರೆ ಈ ಜಾತಿಯವರು ಹೇರಳ. ಓಟದ ದಿನ ಎಷ್ಟು ಹೊತ್ತಿಗೆ ಏಳಬೇಕು, ಬಾಳೆಹಣ್ಣು ಯಾವಾಗ, ಶೌಚ ಯಾವಾಗ, ಯಾವ ಕಿಲೋಮೀಟರಿಗೆ ಯಾವ ಎನರ್ಜಿ ಜೆಲ್ಲು, ಫ್ಲೈಓವರ್ ಏರುವಾಗ ಕಳೆದ ಸೆಕೆಂಡುಗಳನ್ನು ಇಳಿಯುವಾಗ ಹೇಗೆ ವಸೂಲು ಮಾಡಬೇಕು, ಎಲ್ಲವೂ ಎಕ್ಸೆಲ್ ಹಾಳೆಯಲ್ಲಿದೆ. ಈ ಹಾಳೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಇಲ್ಲದಿರುವುದು ಒಂದೇ ಕಲಮು: ಮೊದಲ ಐದು ಕಿಲೋಮೀಟರು ಕಂಡಕಂಡವರೆಲ್ಲ ದಾಟಿ ಹೋಗುತ್ತಿದ್ದರೂ ಸುಮ್ಮನಿರುವುದು. ಮಿಕ್ಕ ಕಲಮುಗಳೆಲ್ಲ ಹುಟ್ಟಿಕೊಂಡದ್ದೇ ಈ ಒಂದನ್ನು ಬರೆಯದೆ ತಪ್ಪಿಸಿಕೊಳ್ಳಲಿಕ್ಕೆ ಎಂದು ನನ್ನ ಗುಮಾನಿ.

ಸುಮ್ಮನಿರಬೇಕಾದ್ದಕ್ಕೆ ಕಾರಣವಿದೆ: ತಿಂದ ಕಾರ್ಬೋಹೈಡ್ರೇಟಿನಿಂದ ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ನಿಗೆ ಮಿತಿಯಿದೆ. ವೇಗ ಹೆಚ್ಚಿದಷ್ಟೂ ಕೊಬ್ಬು ಉಳಿದು ಗ್ಲೈಕೋಜನ್ನೇ ಹೆಚ್ಚು ಕರಗುತ್ತದೆ. ಆರಂಭದಲ್ಲಿ ಹಾರಿದವರಿಗೆ 30 ಕಿಲೋಮೀಟರಿನ ಆಚೀಚೆ ಕಾಲು ಮಾತು ಕೇಳದಿರುವುದು ಅದಕ್ಕೇ. ರಾಯರಿಗೆ ಇದು ಬಾಯಿಪಾಠ, ಬೇರೆಯವರಿಗೆ ಪಾಠವನ್ನೂ ಹೇಳುತ್ತಾರೆ. ಆದರೆ ಎದೆಗೆ ನಂಬರಿನ ಬಿಬ್ಬು ಕಟ್ಟಿಕೊಂಡು ನಿಂತಾಗ, ಪಕ್ಕದ ಮನೆಯ ಕಾಲೇಜು ಹುಡುಗ ಮುಂದೆ ಓಡಿದನೆಂದರೆ, ಜ್ಞಾನ ಹಿಂದೆ ಉಳಿಯುತ್ತದೆ. ಮ್ಯಾರಥಾನ್ ಓಟಗಾರ ಕಿಪ್ಚೋಗೆ 2022ರಲ್ಲಿ ಬರ್ಲಿನ್ನಿನಲ್ಲಿ ಮೊದಲರ್ಧವನ್ನೇ ಜೋರಾಗಿ ಓಡಿ ವಿಶ್ವದಾಖಲೆ ಮಾಡಲಿಲ್ಲವೇ ಎಂಬುದು ಅವರ ಆಕ್ಷೇಪ. ಮಾಡಿದ್ದು ನಿಜ: ಮೊದಲರ್ಧ 59 ನಿಮಿಷ 51 ಸೆಕೆಂಡು, ಎರಡನೆಯದು 61 ನಿಮಿಷ 18 ಸೆಕೆಂಡು. ವ್ಯತ್ಯಾಸ ಒಂದೂವರೆ ನಿಮಿಷಕ್ಕೂ ಕಡಿಮೆ; ರಾಯರು ಅಷ್ಟು ಹೊತ್ತನ್ನು ಒಂದು ಜೆಲ್ಲಿನ ಪೊಟ್ಟಣ ಹರಿಯಲಿಕ್ಕೇ ಕಳೆಯುತ್ತಾರೆ. ಮರುವರ್ಷ ಷಿಕಾಗೋದಲ್ಲಿ ಆ ದಾಖಲೆ ಮುರಿದ ಕೆಲ್ವಿನ್ ಕಿಪ್ಟುಮ್ ಎರಡನೆಯ ಅರ್ಧವನ್ನೇ ಒಂದು ನಿಮಿಷ ಬೇಗ ಮುಗಿಸಿದ್ದು ಮಾತ್ರ ಅವರಿಗೆ ನೆನಪಾಗುವುದಿಲ್ಲ.

ಓಟ ಮುಗಿಸಿದ ಮೇಲೆ ರಾಯರ ತಕರಾರು ದೂರದ ಬಗ್ಗೆ. ಮ್ಯಾರಥಾನ್ 42.195 ಕಿಲೋಮೀಟರು, ವಾಚು ನೋಡಿದರೆ 42.9, ಸಂಘಟಕರು ಅಳೆದದ್ದೇ ತಪ್ಪು! ಮಾನ್ಯತೆ ಪಡೆದ ದಾರಿಯನ್ನು ತಿರುವುಗಳ ಒಳಮೈ ಹಿಡಿದು ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ, ಕಡಿಮೆ ಬೀಳದಿರಲೆಂದು ಸಾವಿರ ಮೀಟರಿಗೆ ಒಂದು ಮೀಟರು ಸೇರಿಸುತ್ತಾರೆ. ಒಟ್ಟು ಹೆಚ್ಚಳ 42 ಮೀಟರು. ವಾಚಿನ ಎಡವಟ್ಟನ್ನು ಕಳೆದು ಉಳಿದದ್ದರಲ್ಲಿ ದೊಡ್ಡ ಪಾಲು, ಆರಂಭದ ಗುಂಪಿನಲ್ಲಿ ಎಡಬಲ ನುಸುಳಿ ಜನರನ್ನು ಹಿಂದಿಕ್ಕಿದಾಗ ರಾಯರೇ ಸಂಪಾದಿಸಿದ್ದು.

ಹಾಗಾದರೆ ಪ್ಲಾನೇ ಬೇಡವೇ? ಬೇಕು. ಅಭ್ಯಾಸವಿಲ್ಲದ ಜೆಲ್ಲು ಹೊಟ್ಟೆ ಕೆಡಿಸುತ್ತದೆ, ಹೊಸ ಶೂ ಬೊಬ್ಬೆ ಎಬ್ಬಿಸುತ್ತದೆ, ಇವನ್ನು ಮೊದಲೇ ಯೋಚಿಸಿದವನು ಜಾಣ. ಆದರೆ ಬಾಯಾರಲಿ ಬಿಡಲಿ ದಾರಿಬದಿಯ ಪ್ರತಿ ಮೇಜಿನಲ್ಲೂ ನೀರು ಎಂದು ಬರೆದುಕೊಂಡರೆ ಅದು ಬೇರೆ ಮಾತು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷಿಸಿಕೊಂಡವರಲ್ಲಿ ಶೇಕಡಾ 13ರಷ್ಟು ಮಂದಿಯ ಸೋಡಿಯಂ ಇರಬೇಕಾದ್ದಕ್ಕಿಂತ ಕೆಳಗಿತ್ತು. ಅತಿಯಾಗಿ ನೀರು ಕುಡಿದು ಓಡುತ್ತಲೇ ತೂಕ ಹೆಚ್ಚಿಸಿಕೊಂಡವರಿಗೇ ಈ ಅಪಾಯ ಹೆಚ್ಚು. ಬಾಯಾರಿಕೆಗೆ ಎಕ್ಸೆಲ್ ಬರುವುದಿಲ್ಲ.

ವಿಚಿತ್ರವೆಂದರೆ, ಚಿಕ್ಕಮಗಳೂರಿನ ಕಾಫಿತೋಟಗಳ ಟ್ರೇಲ್ ಓಟದಲ್ಲಿ ಇದೇ ರಾಯರು ಅಷ್ಟೇನೂ ಸೋಲುವುದಿಲ್ಲ. ಅಲ್ಲಿ ಕಡಿದಾದ ಏರು ಬಂದರೆ ಮುಂಚೂಣಿಯವರೂ ನಡೆಯುತ್ತಾರೆ, ನಡೆದರೆ ಮರ್ಯಾದೆ ಹೋಗುವುದಿಲ್ಲ. ಗುಡ್ಡವೇ ಅವರನ್ನು ಕಟ್ಟಿಹಾಕಿ, ಕೊನೆಯ ಹತ್ತು ಕಿಲೋಮೀಟರಿಗೆ ಒಂದಿಷ್ಟು ಕಸುವು ಉಳಿಸಿಕೊಡುತ್ತದೆ. ಅದರ ಕೀರ್ತಿ ಮಾತ್ರ ಗುಡ್ಡಕ್ಕೆ ಸಿಕ್ಕುವುದಿಲ್ಲ. ಇಂಬಳ ಹತ್ತದಿರಲೆಂದು ಕಾಲುಚೀಲಕ್ಕೆ ತಿಕ್ಕಿದ ಹೊಗೆಸೊಪ್ಪಿಗೆ ಸಲ್ಲುತ್ತದೆ, ಪ್ಲಾನಿನಲ್ಲಿ ಇದ್ದದ್ದು ಅದು ತಾನೆ.