ಡ್ಯಾಶ್‌ಬೋರ್ಡ್ ಸಾಹೇಬ್ರಿಗೆ, ಹಿರಣ್ಯಕೇಶಿ ದಂಡೆಯಿಂದ

ಇವರಿಗೆ,
ಶ್ರೀಮಾನ್ ಡ್ಯಾಶ್‌ಬೋರ್ಡ್ ಸಾಹೇಬರು,
ಎಲ್ಲಿದ್ದೀರೋ ಅಲ್ಲಿಗೆ.

ವಿಷಯ: ನಮ್ಮ ತಾಲ್ಲೂಕು ಕೆಂಪಾಗಿರುವ ಬಗ್ಗೆ.
ಉಲ್ಲೇಖ: ನಿನ್ನೆ ರಾತ್ರಿ 11.40ಕ್ಕೆ ಗ್ರೂಪಿಗೆ ಬಂದ ‘ತುರ್ತು’, 11.52ಕ್ಕೆ ಬಂದ ‘ಅತಿ ತುರ್ತು’ ಹಾಗೂ 12.10ಕ್ಕೆ ಬಂದ ಗಂಟೆಯ ಚಿತ್ರ.

ಸಾಹೇಬ್ರ, ಶರಣು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಹುಕ್ಕೇರಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ವಿಜ್ಞಾನದ ಮಾಸ್ತರ. ತಮ್ಮನ್ನು ಮುಖತಃ ಕಂಡವನಲ್ಲ. ಸಭೆಯಲ್ಲಿ ಗೋಡೆಯ ಮೇಲೆ ಬೀಳುತ್ತೀರಲ್ಲ, ಅಷ್ಟೇ ಪರಿಚಯ. ಹಸಿರು, ಹಳದಿ, ಕೆಂಪು, ತಮಗೆ ಬರುವುದು ಈ ಮೂರೇ ಬಣ್ಣ. ಕಳೆದ ಸಭೆಯಲ್ಲಿ ನಮ್ಮ ತಾಲ್ಲೂಕು ಮೇಲೆ ಹಳದಿ, ಕೆಳಗೆ ಕೆಂಪಾಗಿ ಮೂಡಿದಾಗ ಹಿಂದಿನ ಸಾಲಿನ ಹಿರಿಯ ಕನ್ನಡ ಮಾಸ್ತರರೊಬ್ಬರು ಎದ್ದು ನಿಂತೇಬಿಟ್ಟರು. ಗಡಿ ಜಿಲ್ಲೆಯವರಲ್ಲವೇ, ಹಳದಿ-ಕೆಂಪು ಕಂಡರೆ ಎದೆ ಉಬ್ಬುತ್ತದೆ. ‘ಸರ, ಅದು ಬಾವುಟ ಅಲ್ರಿ, ಬಾಕಿ’ ಎಂದು ಪಕ್ಕದವರು ಅಂಗಿ ಹಿಡಿದು ಕೂರಿಸಬೇಕಾಯಿತು.

ಬಾಕಿ ಇರುವುದು ಯಾವುದೆಂದರೆ ‘ಆನ್‌ಲೈನ್ ಸಹಯೋಗ ಯೋಜನೆಗಳ ಅಪ್‌ಲೋಡ್’. ಅದರಲ್ಲಿ ನಮ್ಮ ಶಾಲೆಯದು ಸೊನ್ನೆ. ಸೊನ್ನೆಗೆ ಕಾರಣ ಕೇಳಿದ್ದೀರಿ. ಉತ್ತರ ಬರೆಯಲು ಕೊಟ್ಟ ಜಾಗ ನೂರು ಅಕ್ಷರ. ಹೊಳೆಯಂಥ ಕಾರಣ ನೂರು ಅಕ್ಷರದಲ್ಲಿ ಹಿಡಿಸಲಿಲ್ಲ. ಆದ್ದರಿಂದ ಹೀಗೆ ನಾಲ್ಕು ಮಂದಿಯ ಮುಂದೆ ಬರೆಯುತ್ತಿದ್ದೇನೆ.

ತರಬೇತಿ ಆಗಿದೆಯೇ ಎಂಬುದು ತಮ್ಮ ಮೊದಲ ಪ್ರಶ್ನೆ. ಆಗಿದೆ. ಮೂರು ದಿನ. ಮೂರೂ ದಿನ ನೆಟ್ ಇರಲಿಲ್ಲ. ಸಂಪನ್ಮೂಲ ವ್ಯಕ್ತಿಯಾಗಿ ಬಂದವರು ನಮ್ಮಂಥದೇ ಮಾಸ್ತರರು, ಒಳ್ಳೆಯ ಮನುಷ್ಯ, ಎದೆಗುಂದಲಿಲ್ಲ. ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬ್ರೌಸರ್ ಬರೆದರು, ಮೂಲೆಯಲ್ಲಿ ಮುಚ್ಚುವ ಗುಣಿಲೆ ಗುರುತು ಸಮೇತ. ಮೌಸಿನ ಬಾಣವನ್ನು ಡಸ್ಟರಿನಿಂದ ಒರೆಸಿ, ಮುಂದೆ ಬರೆದು, ಮತ್ತೆ ಒರೆಸಿ, ಹೀಗೆ ಹಲಗೆಯ ಆ ತುದಿಯವರೆಗೆ ನಡೆಸಿಕೊಂಡು ಹೋದರು. ‘ಈಗ ಇಲ್ಲಿ ಕ್ಲಿಕ್ ಮಾಡ್ರಿ’ ಎಂದರು. ಮನಸ್ಸಿನಲ್ಲೇ ಮಾಡಿದೆವು. ಕೊನೆಯ ದಿನ ಪ್ರಮಾಣಪತ್ರವನ್ನು ಆನ್‌ಲೈನಿನಲ್ಲಿ ಇಳಿಸಿಕೊಳ್ಳಲು ಹೇಳಿದರು.

ಸಹಯೋಗ ಎಂದರೇನು ಎಂಬುದಕ್ಕೆ ಒಂದು ಇಡೀ ಮಧ್ಯಾಹ್ನ ಹೋಯಿತು. ಹುಕ್ಕೇರಿಯವರಿಗೆ ಸಹಯೋಗದ ಪಾಠ! ಸಾಹೇಬ್ರ, 1969ರಲ್ಲಿ ಸಂಘ ಕಟ್ಟಿಕೊಂಡು ಹಳ್ಳಿಹಳ್ಳಿಗೆ ತಾವೇ ಕರೆಂಟು ಹಂಚಲು ಹೊರಟ ತಾಲ್ಲೂಕು ಇದು. ಬೇರೆ ಊರವರಿಗೆ ಹೆಸ್ಕಾಂ, ಬೆಸ್ಕಾಂ ಬಿಲ್ಲು ಬಂದರೆ ನಮ್ಮ ಹಳ್ಳಿಗಳಿಗೆ ಇವತ್ತಿಗೂ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಬಿಲ್ಲು. ಸಂಕೇಶ್ವರದ ಸಕ್ಕರೆ ಕಾರ್ಖಾನೆ ರೈತರು ಷೇರು ಹಾಕಿ ಕಟ್ಟಿದ್ದು. ಹುಕ್ಕೇರಿ ಬಿಡಿ, ನಮ್ಮ ಉತ್ತರ ಕರ್ನಾಟಕದ್ದೇ ಆದ ಗದಗ ಕಡೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಎದ್ದದ್ದು 1905ರಲ್ಲೇ. ನಮ್ಮಲ್ಲಿ ಸೊಸೈಟಿ ಇಲೆಕ್ಷನ್ನು ಬಂತೆಂದರೆ ಎಂಎಲ್ಎ ಇಲೆಕ್ಷನ್ನು ಅದರ ಮುಂದೆ ಸಪ್ಪೆ. ಕೂಡುವುದೂ ಗೊತ್ತು, ಕೂಡಿ ಜಗಳಾಡುವುದೂ ಗೊತ್ತು. ಅಂಥವರಿಗೆ ‘ಸಹಯೋಗ ಎಂದರೆ ಕೂಡಿ ಕೆಲಸ ಮಾಡುವುದು’ ಎಂದು ಹಲಗೆಯ ಮೇಲೆ ಬರೆದರು. ಬರೆದುಕೊಂಡೆವು.

ತರಬೇತಿಯಿಂದ ಏನೂ ಆಗಲಿಲ್ಲ ಎಂದರೆ ತಿಂದ ಊಟಕ್ಕೆ ಮೋಸ. ಆದದ್ದೂ ಊಟದ ಸಾಲಿನಲ್ಲೇ. ನನ್ನ ಮುಂದೆ ಹಿಡಕಲ್ ಡ್ಯಾಂ ಕಡೆಯ ಶಾಲೆಯ ಅಕ್ಕೋರು, ಹಿಂದೆ ಗೋಕಾಕ ಫಾಲ್ಸ್ ಕಡೆಯ ಮಾಸ್ತರರು. ತಾಟಿಗೆ ಝುಣಕ ಹಾಕಿಸಿಕೊಳ್ಳುತ್ತ ಅಕ್ಕೋರು ಹಿಂದಕ್ಕೆ ತಿರುಗಿ ಕೇಳಿದರು: ‘ನಮ್ಮಲ್ಲಿ ಗೇಟ್ ತೆಗದ್ರ ನಿಮ್ಮ ಫಾಲ್ಸ್ ತುಂಬತೈತಿ. ನಿಮ್ಮ ಹುಡುಗ್ರಿಗೆ ಯಾವಾಗ ತುಂಬತೈತಿ ಅಂತ ಗೊತ್ತೇನ್ರಿ?’ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ರೊಟ್ಟಿ ಮುಗಿಯುವುದರೊಳಗೆ ಮೂರು ಶಾಲೆಗಳ ಒಂದು ವಾಟ್ಸ್‌ಆ್ಯಪ್ ಗ್ರೂಪು ಆಯಿತು. ಆಮೇಲೆ ಮೂವರೂ ತೆರೆಯಬಹುದಾದ ಒಂದು ಆನ್‌ಲೈನ್ ಶೀಟು. ಇಷ್ಟೇ ನಮ್ಮ ತಂತ್ರಜ್ಞಾನ.

ಕೆಲಸ ಹಂಚಿಕೊಂಡದ್ದು ಹೀಗೆ. ಹಿಡಕಲ್ ಮಕ್ಕಳು ರಾಜಾ ಲಖಮಗೌಡ ಜಲಾಶಯದ ಆ ದಿನದ ಮಟ್ಟ ಮತ್ತು ಬಿಟ್ಟ ನೀರಿನ ಲೆಕ್ಕ ಬರೆಯಬೇಕು. ಗೋಕಾಕದ ಮಕ್ಕಳು ದಿನವೂ ಒಂದೇ ಜಾಗದಲ್ಲಿ ನಿಂತು ಫಾಲ್ಸಿನ ಫೋಟೊ ಹಾಕಬೇಕು. ಡ್ಯಾಮೂ ಫಾಲ್ಸೂ ಇರುವುದು ಘಟಪ್ರಭೆಗೆ, ನಮ್ಮ ಶಾಲೆ ಇರುವುದು ಹಿರಣ್ಯಕೇಶಿಯ ದಂಡೆಗೆ. ನಮ್ಮ ಹುಡುಗರಿಗೆ ಕೆಲಸವೇ ಇರಲಿಲ್ಲ. ‘ನಮ್ಮ ಹೊಳಿನೂ ಬರೀತೀವ್ರಿ’ ಎಂದು ಹಟ ಹಿಡಿದರು. ಸರಿ, ಸೇತುವೆಯ ಕಂಬದಲ್ಲಿ ಎಷ್ಟು ಸಾಲು ಕಲ್ಲು ಕಾಣುತ್ತವೆಂದು ರಸ್ತೆಯ ಮೇಲಿಂದಲೇ ಎಣಿಸಿ ಬರೆಯಿರಿ, ನೀರಿನ ಹತ್ತಿರ ಹೋದರೆ ಕಾಲು ಮುರಿಯುತ್ತೇನೆ ಎಂದೆ.

ಗೋಕಾಕದ ಮಕ್ಕಳು ಫೋಟೊ ಹಾಕಿ ಸುಮ್ಮನಾಗಲಿಲ್ಲ, ಕೆಳಗೆ ತಮ್ಮದೇ ಅಳತೆ ಬರೆಯತೊಡಗಿದರು: ‘ಇವತ್ತು ನಾಲ್ಕು ಎಳಿ.’ ‘ಇವತ್ತು ಏಳು ಎಳಿ.’ ಗೋಕಾಕ ಮಿಲ್ಲಿನ ಊರು ನೋಡಿ, ನೀರೂ ನೂಲಾಗಿಯೇ ಕಾಣುತ್ತದೆ. ಒಂದು ದಿನ ಬಂತು: ‘ಇವತ್ತು ಎಳಿ ಎಣಸಾಕ ಬರೂದಿಲ್ಲ, ಚಾದರ ಆಗೈತಿ.’ 52 ಮೀಟರ್ ಎತ್ತರದಿಂದ ಬೀಳುವ ಚಾದರ. ಇದಕ್ಕಿಂತ ನಿಖರವಾದ ಮಾಪನ ನನಗೆ ತಿಳಿಯದು.

ಹಿಡಕಲ್‌ನವರ ಲೆಕ್ಕ ಕ್ಯೂಸೆಕ್ಕಿನಲ್ಲಿ ಬರುತ್ತಿತ್ತು. ಅದೇನೆಂದು ಹುಡುಗರು ಕೇಳಿದರು. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿನ ಮೇಲೆ ಚೂರು ಎಂದೆ. ಹಿಂದಿನ ಬೆಂಚಿನವನು ಕೈಯಲ್ಲೇ ಅಳೆದ: ‘ಅಂದ್ರ ನಮ್ಮ ಪ್ಲಾಸ್ಟಿಕ್ ಕೊಡ ಎರಡು.’ ಐದು ಸಾವಿರ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಹತ್ತು ಸಾವಿರ ಕೊಡ! ತರಗತಿಯೇ ದಂಗು ಬಡಿಯಿತು. ಆಮೇಲೆ ಅವನೇ ಕೇಳಿದ: ‘ಹಂಗಾರ ನಮ್ಮ ಓಣಿ ನಳಕ್ಕ ಮೂರು ದಿನಕ್ಕೊಮ್ಮೆ ಯಾಕ ಬರ್ತೈತ್ರಿ ಸರ?’ ಪಠ್ಯದಲ್ಲಿ ಉತ್ತರವಿರಲಿಲ್ಲ. ಗಂಟೆ ಹೊಡೆಯಿತು, ಬಚಾವಾದೆ.

ಒಂದು ಬೆಳಿಗ್ಗೆ ಶಾಲೆಯಲ್ಲಿ ಗದ್ದಲವೋ ಗದ್ದಲ. ‘ಸರ, ಯಾರೋ ಗೋಕಾಕ ಫಾಲ್ಸ್ ಡಿಲೀಟ್ ಮಾಡ್ಯಾರ್ರಿ!’ ನಮ್ಮವನೇ ಒಬ್ಬ, ಶೀಟಿನಲ್ಲಿ ಕೈ ತಪ್ಪಿ ಇಡೀ ಕಾಲಂ ಅಳಿಸಿದ್ದ. ಕರೆಂಟು ಹುಟ್ಟಿಸಿದ ಜಲಪಾತ ಒಂದು ಬೆರಳಿಗೆ ಮಾಯ. ಹಳೆಯ ಪ್ರತಿ ಹೇಗೆ ವಾಪಸ್ ತರುವುದೆಂದು ಆ ದಿನ ಮೂರೂ ಶಾಲೆಯ ಮಕ್ಕಳು ಫೋನಿನಲ್ಲಿ ಕಿತ್ತಾಡುತ್ತಲೇ ಕಲಿತರು. ಮೂರು ದಿನದ ತರಬೇತಿಯ ಹಲಗೆಯ ಮೇಲೆ ಇದು ಬಂದಿರಲಿಲ್ಲ.

ಈಗ ಅಸಲು ಮಾತು. ಜುಲೈನಲ್ಲಿ ಒಂದು ದಿನ ಗೋಕಾಕದಿಂದ ಸಿಟ್ಟಿನ ಧ್ವನಿಸಂದೇಶ ಬಂತು: ‘ನೀವು ಗೇಟ್ ತೆಗದಿಲ್ಲಂತ ಬರದೀರಿ, ಇಲ್ಲಿ ನೀರು ಏರಾಕತ್ತೈತಿ. ಸುಳ್ಳು ಯಾಕ ಬರೀತೀರಿ?’ ತಮಾಷೆಯಲ್ಲ ಸಾಹೇಬ್ರ. 2019ರ ಆಗಸ್ಟಿನಲ್ಲಿ ಗೋಕಾಕದ ಪೇಟೆಯೊಳಗೆ ಹೊಳೆ ನುಗ್ಗಿದಾಗ ಈ ಮಕ್ಕಳು ಮೂರನೆಯ ಇಯತ್ತೆ. ಮನೆಯ ಕಪಾಟು ತೇಲಿದ್ದನ್ನು ನೋಡಿದವರು. ಹಿಡಕಲ್ ಮಕ್ಕಳು ಅಳುವುದೊಂದು ಬಾಕಿ: ‘ದೇವರಾಣಿ ತೆಗದಿಲ್ಲ.’ ಅಕ್ಕೋರು ನನಗೆ ಫೋನ್ ಮಾಡಿದರು, ನಾನು ಗೋಕಾಕದವರಿಗೆ. ಮೂವರು ಬಿ.ಎಸ್ಸಿ., ಬಿ.ಎಡ್. ಆದವರಿಗೆ ಹೊಳೆಯದ್ದು ನಮ್ಮ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಗೆ ಹೊಳೆಯಿತು. ಅವಳು ಶೀಟಿನಲ್ಲಿ ಎರಡು ಕಾಲಂ ಪಕ್ಕಪಕ್ಕ ಎಳೆದು ತಂದಳು, ನಮ್ಮ ಕಂಬದ ಕಲ್ಲು ಮತ್ತು ಗೋಕಾಕದ ಎಳೆ. ಹಿಂದಿನ ದಿನ ನಮ್ಮ ಕಂಬದಲ್ಲಿ ನಾಲ್ಕು ಸಾಲು ಕಲ್ಲು ಮುಳುಗಿದ್ದವು.

‘ಅದು ಅವರ ನೀರಲ್ರಿ ಸರ. ನಮ್ದು.’

ಹೌದಲ್ಲ. ಹಿರಣ್ಯಕೇಶಿ ಘಟಪ್ರಭೆಯನ್ನು ಕೂಡುವುದು ಹಿಡಕಲ್ ದಾಟಿದ ಮೇಲೆ, ಧೂಪದಾಳದ ಒಡ್ಡಿಗಿಂತ ಮೊದಲು. ಡ್ಯಾಮಿನ ಗೇಟಿಗೂ ಅದಕ್ಕೂ ಸಂಬಂಧವಿಲ್ಲ. ಹುಕ್ಕೇರಿಯಲ್ಲಿ ಅಂದು ಬಿಸಿಲು ಬಿದ್ದಿತ್ತು. ಮಳೆ ಹೊಡೆದದ್ದು ಅಂಬೋಲಿ ಘಟ್ಟದಲ್ಲಿ, ಆ ನೀರು ಆಜರಾ, ಗಡಹಿಂಗ್ಲಜ ದಾಟಿ ನಮ್ಮ ಸೇತುವೆಯ ಕೆಳಗೆ ಹಾದು ಗೋಕಾಕದ ಚಾದರವಾಗಿತ್ತು. ಗಡಿ ತಂಟೆ ಎಷ್ಟಾದರೂ ಇರಲಿ, ಮಳೆಗೆ ಯಾವ ಆಯೋಗದ ವರದಿಯೂ ಮುಟ್ಟಿಲ್ಲ. ಗೋಕಾಕದ ಹುಡುಗ ಕ್ಷಮೆ ಕೇಳಿ ಸಂದೇಶ ಹಾಕಿದ, ಜೊತೆಗೆ ಒಂದು ಕರದಂಟಿನ ಚಿತ್ರ. ನಮ್ಮ ಹುಡುಗರು ಅಂದಿನಿಂದ ಕಂಬದ ಕಲ್ಲನ್ನು ದಿನಕ್ಕೆ ಮೂರು ಸಲ ಎಣಿಸುತ್ತಾರೆ. ಸಣ್ಣ ಹೊಳೆಯವರೆಂದು ಅವರನ್ನು ಈಗ ಯಾರೂ ಅನ್ನುವಂತಿಲ್ಲ.

ಮೆಚ್ಚಿ ತಮಗೂ ತಿಳಿಸೋಣವೆಂದು ಆ ಸಂಜೆ ಕೂತೆ. ತಪ್ಪು ನನ್ನದೇ. ಚಟುವಟಿಕೆಯ ಪಟ್ಟಿಯಲ್ಲಿ ಭಿತ್ತಿಪತ್ರ, ರಸಪ್ರಶ್ನೆ, ಆಶುಭಾಷಣ, ಇತರೆ ಎಂದಿತ್ತು. ‘ಇತರೆ’ ಒತ್ತಿದೆ. ಭಾಗವಹಿಸಿದ ಎಲ್ಲ ಮಕ್ಕಳೂ ಒಂದೇ ಸ್ಥಳದಲ್ಲಿ ನಿಂತ, ಸ್ಥಳದ ಗುರುತಿರುವ ಒಂದೇ ಫೋಟೊ ಹಾಕಬೇಕು ಎಂದಿರಿ. ಸಾಹೇಬ್ರ, ಎಲ್ಲರೂ ಒಂದೇ ಕಡೆ ನಿಲ್ಲುವುದಾದರೆ ಆನ್‌ಲೈನ್ ಯಾಕೆ ಬೇಕಿತ್ತು? ಆದರೂ ನಮ್ಮ ಶಾಲೆಯ 42 ಮಕ್ಕಳನ್ನಾದರೂ ನಿಲ್ಲಿಸಿ ತೆಗೆದೆ. 50 ಕೆಬಿಗಿಂತ ದೊಡ್ಡದು ಎಂದಿರಿ. ಇಳಿಸಿದೆ. 42 ಮಕ್ಕಳೂ ಸೇರಿ ಒಂದು ಹುಣಸೆಹಣ್ಣಿನ ಉಂಡೆಯಾದರು. ಅದನ್ನು ಒಪ್ಪಿಕೊಂಡು, ಪಾಲಕರ ಓಟಿಪಿ ಕೇಳಿದಿರಿ. ಇಚಲಕರಂಜಿಯ ಪವರ್‌ಲೂಮಿನ ಸದ್ದಿನೊಳಗಿಂದ ಒಬ್ಬ ಅಪ್ಪ ಕೂಗಿ ಹೇಳಿದ: ‘ಓಟಿಪಿ ಯಾರಿಗೂ ಹೇಳಬ್ಯಾಡ ಅಂತ ಬ್ಯಾಂಕಿನವ್ರು ಹೇಳ್ಯಾರ್ರಿ ಮಾಸ್ತರ. ನೀವು ಖರೇ ಮಾಸ್ತರು ಹೌದೋ ಅಲ್ಲೋ ಯಾರಿಗ್ಗೊತ್ತು?’ ಬುದ್ಧಿವಂತ. ಅವನ ಮಗನೂ ಹಾಗೇ ಇದ್ದಾನೆ.

ಹೀಗೆ ಸೊನ್ನೆಯಾಯಿತು.

ಸಾಧನಗಳ ಮೇಲೆ ನನಗೆ ಮುನಿಸಿಲ್ಲ. ನಮ್ಮ ಗಣಿತದ ಮಾಸ್ತರರು ಜಿಯೋಜೀಬ್ರಾದಲ್ಲಿ ಅರ್ಧವೃತ್ತದ ಮೇಲೆ ಒಂದು ಬಿಂದುವನ್ನು ಎಳೆದಾಡುತ್ತಾರೆ. ಬಿಂದು ಎಲ್ಲಿ ಹೋದರೂ ಕೋನ 90 ಡಿಗ್ರಿಯಿಂದ ಅಲ್ಲಾಡುವುದಿಲ್ಲ. ‘ಇನ್ನೊಮ್ಮೆ ಸರ’ ಎನ್ನುತ್ತಾರೆ ಮಕ್ಕಳು, ಗಾರುಡಿಯಾಟ ಕಂಡವರಂತೆ. 2011ರ ಹೊತ್ತಿಗೇ ನಮ್ಮ ರಾಜ್ಯದಲ್ಲಿ ವಿಷಯ ಶಿಕ್ಷಕರ ವೇದಿಕೆ ಹುಟ್ಟಿತು. ಆಮೇಲೆ ಬಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ, ವಿಕಿಪೀಡಿಯದ ಹಾಗೆ, ಬೀದರದವರು ಬರೆದ ಪಾಠವನ್ನು ಮಂಡ್ಯದವರು ಬೆಳೆಸಬಹುದು. 2017ರಲ್ಲಿ ದೀಕ್ಷಾ ಬಂತು, ಪಠ್ಯಪುಸ್ತಕದಲ್ಲಿ ಕ್ಯೂಆರ್ ಚೌಕ ಮೂಡಿತು. ಒಳಗೆ ಒಳ್ಳೆಯ ಸಾಮಗ್ರಿ ಇದೆ, ನಾನೇ ಬಳಸಿದ್ದೇನೆ. ಆದರೆ ನನ್ನ ಇಷ್ಟು ವರ್ಷದ ನೌಕರಿಯಲ್ಲಿ ‘ಇಂದು ಸಂಜೆ 5ರೊಳಗೆ ಮಕ್ಕಳಿಗೆ ಅರ್ಧವೃತ್ತ ತೋರಿಸತಕ್ಕದ್ದು, ಅತಿ ತುರ್ತು’ ಎಂಬ ಸಂದೇಶ ಒಂದೂ ಬಂದಿಲ್ಲ. ಕಲಿಸುವ ಸಾಧನಕ್ಕೆ ಗಡುವೇ ಇಲ್ಲ. ಎಣಿಸುವ ಸಾಧನಕ್ಕೆ ಗಡುವಿಲ್ಲದ ದಿನವಿಲ್ಲ. ಹಾಜರಿ, ಹಾಲಿನ ಪುಡಿ, ಮೊಟ್ಟೆ, ಶೂ, ಸಾಕ್ಸು ಎಲ್ಲ ಮೇಲಕ್ಕೆ ಹತ್ತುತ್ತವೆ. ಮೇಲಿಂದ ಕೆಳಕ್ಕೆ ಬರುವುದು ಬಣ್ಣ ಮಾತ್ರ.

ಇಷ್ಟು ಓದಿದ ಮೇಲೆ ‘ಪಾಪ, ಈ ಮಾಸ್ತರನಿಗೆ ಒಂದು ಕಾಲಂ ಬೇಕಾಗಿದೆ’ ಎಂದು ತಮಗೆ ಅನ್ನಿಸಿರಬಹುದು. ಅಯ್ಯೋ, ಬೇಡ. ಈ ಪತ್ರ ಬರೆದದ್ದೇ ಅದಕ್ಕೆ. ದಯವಿಟ್ಟು ‘ನದಿ ಸಹಯೋಗ’ ಎಂಬ ಕಾಲಂ ಮಾಡಬೇಡಿ. ಮಾಡಿದರೆ ಬರುವ ಜೂನಿನಲ್ಲಿ ಅದು ಕಡ್ಡಾಯವಾಗುತ್ತದೆ, ಹೊಳೆಯೇ ಇಲ್ಲದ ಊರಿನ ಮಾಸ್ತರರು ಗಟಾರದ ಪಕ್ಕ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯಬೇಕಾಗುತ್ತದೆ. ನಮ್ಮ ಹುಡುಗಿ ಕಲ್ಲು ಎಣಿಸುವ ಹೊತ್ತಿನಲ್ಲಿ ನಾನು ಕೆಬಿ ಎಣಿಸುತ್ತ ಕೂರಬೇಕಾಗುತ್ತದೆ. ನಮ್ಮನ್ನು ಕೆಂಪಾಗಿಯೇ ಇಡಿ, ಅಭ್ಯಾಸವಾಗಿದೆ.

ಮೂಡಲಗಿ ತಾಲ್ಲೂಕಿನ ಹೊಳೆದಂಡೆಯ ಶಾಲೆಯವರು ತಾವೂ ಸೇರುತ್ತೇವೆಂದು ಮೊನ್ನೆ ಹೇಳಿ ಕಳಿಸಿದ್ದಾರೆ. ಅವರಾದಿ ಊರಿನ ಸೇತುವೆ ಮುಳುಗುವ ಮೊದಲೇ ಅವರಿಗೆ ಗೊತ್ತಾಗಬೇಕಂತೆ. ನಾಳೆ ಬೆಳಿಗ್ಗೆ ಏಳಕ್ಕೆ ನಾಲ್ಕೂ ಶಾಲೆ ಒಟ್ಟಿಗೆ ಶೀಟು ತೆರೆಯುತ್ತೇವೆ. ನೆಟ್ಟು ಇಲ್ಲಿ ಮೊದಲೇ ತೆಳು. ಆ ಒಂದು ತಾಸು ಏನನ್ನೂ ಕೇಳಬೇಡಿ.

ತಮ್ಮ ವಿಶ್ವಾಸಿ,
ಕೆಂಪು ಚೌಕದೊಳಗಿನ ಒಬ್ಬ ಮಾಸ್ತರ