ಸೋದರಮಾವನೂ ವಿದೇಶೀ ವಿನಿಮಯವೂ

ಪರದೇಶದಲ್ಲಿ ಮಕ್ಕಳುಮರಿಗಳಿರುವ ಮನೆಗೆ ಹಣವು ಅಲ್ಲಿಂದ ಇಲ್ಲಿಗೆ ಹರಿದುಬರುತ್ತದೆಯೆಂಬುದು ಮೈಸೂರಿನ ನಮ್ಮ ಬಡಾವಣೆಯಲ್ಲಿ ಸರ್ವಸಮ್ಮತವಾದ ಸಿದ್ಧಾಂತ. ಹಾಲಿನವನಿಂದ ಮೊದಲ್ಗೊಂಡು ಗಣೇಶೋತ್ಸವದ ಚಂದಾ ಎತ್ತುವ ತರುಣರವರೆಗೆ ಸಕಲರೂ ತಮ್ಮ ನಿರೀಕ್ಷೆಗಳನ್ನು ಇದರ ಮೇಲೆಯೇ ಕಟ್ಟಿಕೊಂಡಿದ್ದಾರೆ. ನನ್ನ ತಂಗಿಯ ಮಗನು ಉನ್ನತ ವ್ಯಾಸಂಗಕ್ಕೆಂದು ಜರ್ಮನಿಯ ಆಖೆನ್ ನಗರಕ್ಕೆ ಹೋದಂದಿನಿಂದ ನನ್ನ ಪಾಲಿನ ಚಂದಾ ಇಮ್ಮಡಿಯಾಗಿದೆ. ಹಣದ ಪ್ರವಾಹವು ವಾಸ್ತವದಲ್ಲಿ ಇಲ್ಲಿಂದ ಅಲ್ಲಿಗೆ ಎಂದು ವಿವರಿಸಹೊರಟರೆ, ಅದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆಯೇ ಸರಿ.

ಆ ದೇಶದವರು ವಿದ್ಯಾರ್ಥಿಗೆ ವೀಸಾ ಕೊಡುವುದಕ್ಕೆ ಮುನ್ನ ವರ್ಷದ ಜೀವನವೆಚ್ಚವೆಂದು 11,904 ಯೂರೋಗಳನ್ನು ಒಂದು ನಿರ್ಬಂಧಿತ ಖಾತೆಯಲ್ಲಿ ಇಡಿಸಿ, ತಿಂಗಳಿಗೆ 992ರಂತೆ ಮಾತ್ರ ತೆಗೆಯಗೊಡುತ್ತಾರೆ. ಅಷ್ಟನ್ನು ನನ್ನ ಭಾವನವರು ಸಾಲಸೋಲ ಮಾಡಿ ಕಟ್ಟಿದರು. ಆದರೆ ಚಳಿಗಾಲದ ದಪ್ಪ ಕೋಟು, ಹಲ್ಲುನೋವು, ಹೊಸ ಬಾಡಿಗೆ ಕೋಣೆಯ ಮುಂಗಡ, ಇವು ಯಾರ ಲೆಕ್ಕದಲ್ಲಿಯೂ ಇರಲಿಲ್ಲ; ಯಾರ ಲೆಕ್ಕಕ್ಕೂ ಸೇರದ ಖರ್ಚು ಸೋದರಮಾವನ ಲೆಕ್ಕಕ್ಕೆ ಸೇರತಕ್ಕದ್ದೆಂಬುದು ನಮ್ಮಲ್ಲಿ ಅನಾದಿಯಿಂದ ನಡೆದುಬಂದ ಪದ್ಧತಿಯಾದ್ದರಿಂದ, ನಾನು ಬ್ಯಾಂಕಿಗೆ ಹೊರಟೆನು.

ಹೊರದೇಶಕ್ಕೆ ಹಣ ಕಳುಹಿಸುವವನು ಎ2 ಎಂಬ ನಮೂನೆಯನ್ನು ತುಂಬಿ, ಉದ್ದೇಶವೇನೆಂಬುದನ್ನು ಸಂಕೇತಸಂಖ್ಯೆಯ ಸಮೇತ ಘೋಷಿಸಬೇಕು. ನಾನು ಕುಟುಂಬಪೋಷಣೆಯೆಂದು ಬರೆದುದನ್ನು ಕಂಡು ಕೌಂಟರಿನಲ್ಲಿದ್ದ ತರುಣಿಯು, “ಸಾರ್, ಹುಡುಗ ನಿಮಗೇನಾಗಬೇಕು?” ಎಂದು ಕೇಳಿದಳು.

“ನಾನು ಅವನ ಸೋದರಮಾವ ಕಣಮ್ಮ,” ಎಂದೆನು, ಸ್ವಲ್ಪ ಹೆಮ್ಮೆಯಿಂದಲೇ.

“ಸೋದರಮಾವ ಲಿಸ್ಟಲ್ಲಿ ಬರಲ್ಲ ಸಾರ್. ಗಿಫ್ಟ್ ಅಂತ ಹಾಕಿಬಿಡಿ, ಎಸ್1302.”

ನಾಮಕರಣದಲ್ಲಿ ತೊಟ್ಟಿಲಿನ ಪಕ್ಕದಲ್ಲಿ ನಿಂತವನು, ಕಿವಿ ಚುಚ್ಚುವಾಗ ಕೂಸನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಅದರ ಒದೆತಗಳನ್ನು ಸಹಿಸಿದವನು, ಈ ದಿನ ಬಂಧುವೇ ಅಲ್ಲವೆಂದರೆ ಹೇಗಾಗಬೇಡ! ವಿಚಾರಿಸಲಾಗಿ, ಇಲ್ಲಿ ಬಂಧುವೆಂದರೆ ಯಾರೆಂಬುದನ್ನು 2013ರ ಕಂಪನಿ ಕಾಯಿದೆಯನ್ನು ನೋಡಿ ನಿಶ್ಚಯಿಸುತ್ತಾರೆಂದೂ, ಅದರಲ್ಲಿ ಗಂಡಹೆಂಡಿರು, ತಾಯಿತಂದೆ, ಮಗಸೊಸೆ, ಮಗಳುಅಳಿಯ, ಒಡಹುಟ್ಟಿದವರು ಹಾಗೂ ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು ಮಾತ್ರವೇ ಇದ್ದಾರೆಂದೂ ತಿಳಿಯಿತು. ವಿನೋದವೇನೆಂದರೆ, ಆದಾಯ ತೆರಿಗೆಯ ಕಾನೂನು ತಾಯಿಯ ಅಣ್ಣತಮ್ಮಂದಿರನ್ನು ಬಂಧುಗಳೆಂದು ನಿಸ್ಸಂದೇಹವಾಗಿ ಅಂಗೀಕರಿಸಿ, ಅವರು ಕೊಟ್ಟ ಉಡುಗೊರೆಗೆ ತೆರಿಗೆಯಿಲ್ಲವೆಂದು ಸಾರುತ್ತದೆ. ಹೀಗೆ ಒಂದೇ ನಾಡಿನಲ್ಲಿ ನಾನು ಒಂದು ಕಾಯಿದೆಗೆ ಬಂಧು, ಇನ್ನೊಂದಕ್ಕೆ ದಾರಿಹೋಕ. ಎಸ್1302 ಎಂದು ಬರೆದುಕೊಟ್ಟೆನು.

ಸರ್ಕಾರದ ಔದಾರ್ಯವನ್ನು ನಾನು ಅಲ್ಲಗಳೆಯಲಾರೆ. ನನ್ನ ಯೌವನದಲ್ಲಿ ವಿದೇಶಕ್ಕೆ ಹೊರಟವನು ಕೇವಲ 8 ಡಾಲರನ್ನು ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಬೇಕಾಗಿತ್ತು. 2004ರಲ್ಲಿ ವ್ಯಕ್ತಿಯೊಬ್ಬನು 25,000 ಡಾಲರ್ ಕಳುಹಿಸಬಹುದೆಂದಾಯಿತು. ಈಗ ಆರ್ಥಿಕ ವರ್ಷವೊಂದಕ್ಕೆ 2,50,000 ಡಾಲರ್. ಎಂಟರ ಕಾಲದಲ್ಲಿ ನನ್ನಲ್ಲಿ ಎಂಟಿರಲಿಲ್ಲ, ಎರಡೂವರೆ ಲಕ್ಷದ ಕಾಲದಲ್ಲಿ ಎರಡೂವರೆ ಲಕ್ಷವಿಲ್ಲ. ಕಾನೂನು ಮುಂದುವರಿದಷ್ಟು ವೇಗದಲ್ಲಿ ನಾನು ಮುಂದುವರಿಯಲಿಲ್ಲ. ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಉಡುಗೊರೆಯ ಮೇಲೆ ನೂರಕ್ಕೆ ಇಪ್ಪತ್ತನ್ನು ಬ್ಯಾಂಕು ಮುಂಗಡ ತೆರಿಗೆಯಾಗಿ ಹಿಡಿಯುತ್ತದೆ, ಅದನ್ನು ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಈ ವಿಷಯದಲ್ಲಿ ನನಗೆ ಭಯವೂ ಇಲ್ಲ, ಅನುಭವವೂ ಇಲ್ಲ.

ಖರ್ಚಿನ ವಿಷಯಕ್ಕೆ ಬಂದಾಗ ಜೊತೆಯಲ್ಲಿದ್ದ ನನ್ನ ಪತ್ನಿಯು ಮುಂದೆ ಬಂದಳು. ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿಯ ಬೆಲೆಯನ್ನು ಇಳಿಸುವ ಹಾಗೆಯೇ ಯೂರೋವಿನ ಬೆಲೆಯನ್ನೂ ಇಳಿಸಬಹುದೆಂಬ ಆಕೆಯ ನಂಬಿಕೆಯನ್ನು ನಾನು ಮೊದಲು ಲಘುವಾಗಿ ಕಂಡೆನಾದರೂ, ವಿದೇಶೀ ವಿನಿಮಯದ ಮರ್ಮವಿರುವುದು ಅಲ್ಲಿಯೇ. ಐನೂರೋ ಸಾವಿರವೋ ಎಂದು ಬಾಯಲ್ಲಿ ಹೇಳುವ ಸೇವಾಶುಲ್ಕವು ಕಣ್ಣಿಗೆ ಕಾಣುವ ಖರ್ಚು. ಪೇಟೆಯ ದರಕ್ಕೂ ಬ್ಯಾಂಕು ಮಾರುವ ದರಕ್ಕೂ ಇರುವ ಅಂತರವು ಕಾಣದ ಖರ್ಚು. ಯೂರೋವೊಂದಕ್ಕೆ ಎರಡೇ ರೂಪಾಯಿ ಹೆಚ್ಚೆಂದರೂ ಸಾವಿರ ಯೂರೋಗೆ ಎರಡು ಸಾವಿರವು ಸದ್ದಿಲ್ಲದೆ ಹೋಗುತ್ತದೆ. “ಅದೆಲ್ಲ ಇರಲಿ ಕಣಮ್ಮ, ನಾವಿಷ್ಟು ಕೊಟ್ಟರೆ ಕೊನೆಗೆ ಹುಡುಗನ ಕೈಗೆ ಎಷ್ಟು ಸೇರುತ್ತೆ, ಅದು ಹೇಳು,” ಎಂದು ಆಕೆ ಕೇಳಿದ ಪ್ರಶ್ನೆಗೆ ಸಮನಾದ ಪ್ರಶ್ನೆ ಈ ಶಾಸ್ತ್ರದಲ್ಲಿ ಇನ್ನೊಂದಿಲ್ಲ. ತರುಣಿಯು ಒಳಗೆ ಹೋಗಿ ಮ್ಯಾನೇಜರನ್ನು ಕಂಡು ಬಂದು ನಲವತ್ತು ಪೈಸೆ ಇಳಿಸಿದಳು.

ಆ ಪ್ರಶ್ನೆಗೆ ಉತ್ತರ ಹೇಳುವುದು ಬ್ಯಾಂಕಿಗೂ ಸುಲಭವಲ್ಲ. 1973ರಲ್ಲಿ ಬೆಲ್ಜಿಯಮ್ಮಿನಲ್ಲಿ ಸ್ಥಾಪಿತವಾದ ಸ್ವಿಫ್ಟ್ ಸಂಸ್ಥೆಯು ಒಯ್ಯುವುದು ಹಣವನ್ನಲ್ಲ, ಸಂದೇಶವನ್ನು. ನಮ್ಮ ಬ್ಯಾಂಕಿಗೂ ಅವರ ಬ್ಯಾಂಕಿಗೂ ನೇರ ಲೆಕ್ಕವಿಲ್ಲದಿದ್ದಲ್ಲಿ ನಡುವೆ ಮತ್ತೊಂದು ಬ್ಯಾಂಕು ಪ್ರವೇಶಿಸಿ, ತನ್ನ ದಕ್ಷಿಣೆಯನ್ನು ಹಣದಲ್ಲಿಯೇ ಮುರಿದುಕೊಳ್ಳುತ್ತದೆ. “ಮಾವ, ಹದಿನೆಂಟು ಯೂರೋ ಕಡಿಮೆ ಬಂದಿದೆ,” ಎಂದು ಹುಡುಗನು ತಿಳಿಸಿದ ಮೇಲೆ, ಫಾರಮಿನಲ್ಲಿ ಶುಲ್ಕವನ್ನು ಹಂಚಿಕೊಳ್ಳುವ ‘ಎಸ್‌ಎಚ್‌ಎ’ ಗುರುತಿಗೆ ಬದಲಾಗಿ, ಎಲ್ಲವನ್ನೂ ಕಳುಹಿಸುವವನೇ ಹೊರುವ ‘ಒಯುಆರ್’ ಗುರುತನ್ನು ಹಾಕಿಸುತ್ತಿದ್ದೇನೆ. ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಇತರ ಸಂಸ್ಥೆಗಳಲ್ಲಿಯೂ ಪತ್ನಿಯ ಪ್ರಶ್ನೆಯನ್ನೇ ಕೇಳಿ ತಾಳೆನೋಡುವುದುಂಟು.

ಪರಿಚಿತ ಮಹನೀಯರೊಬ್ಬರು ಇನ್ನೂ ಅಗ್ಗದ ದಾರಿಯೊಂದನ್ನು ಸೂಚಿಸಿದರು: ಇಲ್ಲಿ ಅವರಿಗೆ ರೂಪಾಯಿ ಕೊಟ್ಟರೆ ಅಲ್ಲಿ ಅವರ ಕಡೆಯವರು ಯೂರೋ ಕೊಡುವರಂತೆ, ಫಾರಮಿಲ್ಲ, ಶುಲ್ಕವಿಲ್ಲ, ರಶೀದಿಯಂತೂ ಇಲ್ಲವೇ ಇಲ್ಲ. ಇದಕ್ಕೆ ಹವಾಲಾ ಎಂದು ಹೆಸರು. 1999ರ ಫೆಮಾ ಕಾಯಿದೆಯನ್ವಯ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದಾದ್ದರಿಂದ, ಅಗ್ಗವೆಂಬುದು ಅದಕ್ಕೆ ತಕ್ಕ ವಿಶೇಷಣವಲ್ಲ.

ಜರ್ಮನಿಯ ಖಾತೆಗೆ ಡಿಇ ಎಂದು ಮೊದಲಾಗುವ 22 ಅಕ್ಷರಾಂಕಗಳ ಐಬಾನ್ ಸಂಖ್ಯೆಯುಂಟು. ತಪ್ಪು ಬರೆದರೆ ಹಿಡಿದುಕೊಡುವ ಎರಡು ಪರೀಕ್ಷಾಂಕಗಳು ಅದರೊಳಗೇ ಇವೆ. ಆದರೆ ಸರಿಯಾಗಿ ಬರೆದ ಕಳ್ಳನ ಸಂಖ್ಯೆಯನ್ನು ಅವು ಹಿಡಿಯಲಾರವು. ಹೊರಟುಹೋದ ಹಣವನ್ನು ಪಡೆದವನ ಒಪ್ಪಿಗೆಯಿಲ್ಲದೆ ಹಿಂದಕ್ಕೆ ತರುವುದು ಬಹಳ ಕಷ್ಟ. ಆದಕಾರಣ, “ಮಾವ, ಫೋನು ಕಳೆದುಹೋಯಿತು, ಈ ಹೊಸ ಖಾತೆಗೆ ತುರ್ತಾಗಿ ಹಾಕಿ,” ಎಂಬ ಸಂದೇಶ ಬಂದಾಗ ವಾಚಕಮಹಾಶಯರು ಹಳೆಯ ನಂಬರಿಗೇ ಕರೆಮಾಡಿ, ಅಜ್ಜಿಯ ಮನೆಯ ಹಸುವಿನ ಹೆಸರೇನೆಂದು ಕೇಳಿ, ಉತ್ತರ ಬಂದ ಮೇಲೆಯೇ ಬ್ಯಾಂಕಿನ ಕಡೆಗೆ ಹೊರಡಬೇಕೆಂದು ಬೇಡಿಕೊಳ್ಳುತ್ತೇನೆ.